ತಜ್ಞರ ಉತ್ತರ: 1991ರಲ್ಲಿ ಗೇಮ್ ಪಾರ್ಲರ್‌ಗಳಿಗೆ ಏನಾಯಿತು?

ಪ್ರಶ್ನೆ: ವಿಡಿಯೋ ಗೇಮ್ ಬಗ್ಗೆ ಏನು ಓದಿದರೂ 1991 ದೊಡ್ಡ ವರ್ಷ, ಸ್ಟ್ರೀಟ್ ಫೈಟರ್ 2 ಬಂದ ವರ್ಷ ಅಂತ ಬರುತ್ತದೆ. ಹೊಡೆದಾಟದ ಆಟಗಳು ಅದಕ್ಕೂ ಮುಂಚೆ ಇದ್ದವಲ್ಲ? ಅದರಲ್ಲಿ ಅಂಥದ್ದೇನಿತ್ತು? ಅಷ್ಟು ಓಡಿದ ಮೇಲೂ ಪಾರ್ಲರ್‌ಗಳು ಯಾಕೆ ಮುಚ್ಚಿದವು? ಇನ್ನೊಂದು ವಿಷಯ. ನಾನು ಚಿಕ್ಕವನಿದ್ದಾಗ ಆಡಿದ ಆಟದಲ್ಲಿ ಬೆಂಕಿ ಉಂಡೆ ಎದುರಾಳಿಯನ್ನು ಅಟ್ಟಿಸಿಕೊಂಡು ಹೋಗುತ್ತಿತ್ತು, ಗಾಳಿಯಲ್ಲಿ ಹಾರಿಯೂ ಅದನ್ನು ಬಿಡಬಹುದಿತ್ತು. ಈಗ ಅದೇ ಆಟ ಹಾಕಿದರೆ ಹಾಗೇನೂ ಇಲ್ಲ. ನನ್ನ ನೆನಪೇ ತಪ್ಪಾ?
(ಮೈಸೂರಿನ ಓದುಗರೊಬ್ಬರು)

ಉತ್ತರ: ಕೊನೆಯ ಪ್ರಶ್ನೆ ನನಗೆ ಬಹಳ ಇಷ್ಟವಾಯಿತು. ಅದಕ್ಕೆ ಕೊನೆಯಲ್ಲೇ ಬರುತ್ತೇನೆ, ಯಾಕೆಂದರೆ ಮೊದಲ ಎರಡಕ್ಕೆ ಉತ್ತರ ಗೊತ್ತಿದ್ದರೆ ಅದರ ಮಜಾ ಜಾಸ್ತಿ.

ನಾನು ಬಹಳ ವರ್ಷ ಪಾರ್ಲರ್‌ಗಳ ಗೇಮ್ ಪೆಟ್ಟಿಗೆಗಳನ್ನು ಬಿಚ್ಚಿ, ಬೆಸುಗೆ ಹಾಕಿ, ಗುಂಡಿ ಬದಲಾಯಿಸಿ ಹೊಟ್ಟೆ ಹೊರೆದವನು. ಹಾಗಾಗಿ ನನ್ನ ಕಣ್ಣು ಪರದೆಗಿಂತ ಮೊದಲು ಕೆಳಗಿನ ದುಡ್ಡಿನ ಡಬ್ಬಿ ಕಡೆ ಹೋಗುತ್ತದೆ. 1991ರಲ್ಲಿ ಬದಲಾಗಿದ್ದು ಆ ಡಬ್ಬಿ ತುಂಬುವ ರೀತಿ. ಚಿತ್ರ, ಸದ್ದು, ಪಾತ್ರ ಎಲ್ಲ ಆಮೇಲೆ.

ಸ್ವಲ್ಪ ಹಿಂದಿನಿಂದ ನೋಡೋಣ. ಒಬ್ಬನೇ ಕಂಪ್ಯೂಟರ್ ವಿರುದ್ಧ ಆಡುವ ಆಟದಲ್ಲಿ ಪಾರ್ಲರ್ ಮಾಲೀಕನಿಗೂ ಆಟಗಾರನಿಗೂ ಒಳಗೊಳಗೇ ಜಗಳ. ಆಟ ಚೆನ್ನಾಗಿ ಬರುವ ಹುಡುಗ ಒಂದೇ ನಾಣ್ಯದಲ್ಲಿ ಮುಕ್ಕಾಲು ಗಂಟೆ ನಿಂತುಬಿಡುತ್ತಾನೆ. ಅವನು ಮಾಲೀಕನ ಪಾಲಿಗೆ ಬಾಡಿಗೆ ಕೊಡದ ಬಿಡಾರ. ಸರಿ, ಆಟವನ್ನು ಕಷ್ಟ ಮಾಡಿದರೆ? ಹೊಸಬರು ಒಂದೇ ನಿಮಿಷಕ್ಕೆ ಸತ್ತು, ಬೈದುಕೊಂಡು ಹೋಗುತ್ತಾರೆ, ಮತ್ತೆ ಬರುವುದಿಲ್ಲ. 1978ರ ಸ್ಪೇಸ್ ಇನ್ವೇಡರ್ಸ್, 1980ರ ಪ್ಯಾಕ್‌ಮ್ಯಾನ್ ಕಾಲದಿಂದಲೂ ತಯಾರಕರು ಈ ಹಗ್ಗದ ಮೇಲೆಯೇ ನಡೆಯುತ್ತಿದ್ದರು. ಇಬ್ಬರು ಆಡಬಹುದು ಅಂತ ಇದ್ದರೂ ಸರದಿ ಪ್ರಕಾರ. ನೀನು ಸತ್ತ ಮೇಲೆ ನಾನು.

ತಮಾಷೆ ಏನೆಂದರೆ, ಇದಕ್ಕೆ ಪರಿಹಾರ ಮೊದಲ ದಿನವೇ ಸಿಕ್ಕಿತ್ತು. 1972ರಲ್ಲಿ ಅಟಾರಿ ಕಂಪನಿಯ ಪಾಂಗ್ ಅನ್ನುವ ಆಟದ ಪೆಟ್ಟಿಗೆಯನ್ನು ಕ್ಯಾಲಿಫೋರ್ನಿಯಾದ ಸನಿವೇಲ್ ಊರಿನ ಒಂದು ಬಾರಿನಲ್ಲಿ ಇಟ್ಟರು. ಅದನ್ನು ಒಬ್ಬರೇ ಆಡಲು ಬರುತ್ತಲೇ ಇರಲಿಲ್ಲ, ಇಬ್ಬರು ಬೇಕೇ ಬೇಕು. ಸ್ವಲ್ಪ ದಿನಕ್ಕೆ ಪೆಟ್ಟಿಗೆ ಕೆಟ್ಟಿದೆ ಅಂತ ಕರೆ ಬಂತು. ಆಟ ತಯಾರಿಸಿದ ಅಲ್ ಆಲ್ಕಾರ್ನ್ ಹೋಗಿ ಬಿಚ್ಚಿ ನೋಡಿದರೆ ಕೆಟ್ಟಿದ್ದು ಏನೂ ಇಲ್ಲ, ನಾಣ್ಯ ತುಂಬಿ ಡಬ್ಬಿ ಉಕ್ಕಿತ್ತು. ರಿಪೇರಿ ಮಾಡುವವರಿಗೆ ಇದಕ್ಕಿಂತ ಚೆಂದದ ಕಥೆ ಇನ್ನೊಂದಿಲ್ಲ. ನನಗಂತೂ ಅಂಥ ಕರೆ ಒಂದೂ ಬರಲಿಲ್ಲ ಬಿಡಿ. ಆದರೆ ಆಮೇಲಿನ ಹದಿನೆಂಟು ಹತ್ತೊಂಬತ್ತು ವರ್ಷ ಇಬ್ಬರನ್ನು ಎದುರುಬದುರು ನಿಲ್ಲಿಸುವ ಆಲೋಚನೆ ಮೂಲೆಗೆ ಸೇರಿತು. 1984ರ ಕರಾಟೆ ಚಾಂಪ್‌ನಂಥ ಆಟಗಳಲ್ಲಿ ಅದಿತ್ತು, ನೀವು ಹೇಳಿದ್ದು ಸರಿ. ಆದರೆ ಎಂಬತ್ತರ ದಶಕದ ಕೊನೆಗೆ ಓಡುತ್ತಿದ್ದದ್ದು ಡಬಲ್ ಡ್ರ್ಯಾಗನ್, ಫೈನಲ್ ಫೈಟ್ ಥರದ ಜೊತೆಯಾಟಗಳು. ಇಬ್ಬರೂ ಒಂದೇ ಕಡೆ ನಿಂತು ಬೀದಿ ರೌಡಿಗಳನ್ನು ಹೊಡೆಯುವುದು.

ಇಂಥ ಹೊತ್ತಿನಲ್ಲಿ, 1991ರ ಆರಂಭದಲ್ಲಿ, ಜಪಾನಿನ ಕ್ಯಾಪ್‌ಕಾಮ್ ಕಂಪನಿ ಸ್ಟ್ರೀಟ್ ಫೈಟರ್ 2 ಬಿಟ್ಟಿತು. ಇದರ ಮೊದಲ ಭಾಗ 1987ರದ್ದು. ಅದು ಯಾರಿಗೂ ಅಷ್ಟಾಗಿ ನೆನಪಿಲ್ಲ, ನೆನಪಿರಬೇಕಾದ ಅಗತ್ಯವೂ ಇಲ್ಲ. ಒಂದು ಮಜಾ ಮಾತ್ರ ಹೇಳುತ್ತೇನೆ. ಅದರ ದುಬಾರಿ ಪೆಟ್ಟಿಗೆಯಲ್ಲಿ ಗುಂಡಿಗಳ ಬದಲು ಎರಡು ದಪ್ಪ ರಬ್ಬರ್ ಮೆತ್ತೆಗಳಿದ್ದವು. ಎಷ್ಟು ಜೋರಾಗಿ ಗುದ್ದುತ್ತೀರೋ ಪರದೆ ಮೇಲಿನವನೂ ಅಷ್ಟೇ ಜೋರಾಗಿ ಗುದ್ದುತ್ತಾನೆ. ಹುಡುಗರು ಬಿಡುತ್ತಾರಾ? ಕೈ ನೋಯುತ್ತಿತ್ತು, ಮೆತ್ತೆ ಕಿತ್ತುಹೋಗುತ್ತಿತ್ತು. ಕೊನೆಗೆ ಮೆತ್ತೆ ತೆಗೆದು ಆರು ಗುಂಡಿ ಕೂರಿಸಿದರು: ಮೆಲ್ಲ, ಮಧ್ಯಮ, ಜೋರು, ಗುದ್ದಿಗೆ ಮೂರು, ಒದೆತಕ್ಕೆ ಮೂರು. ಆ ಆರು ಗುಂಡಿಯೇ ಎರಡನೇ ಭಾಗಕ್ಕೆ ಆಸ್ತಿಯಾಯಿತು.

ಮೊದಲ ಭಾಗ ಮಾಡಿದ ತಕಾಶಿ ನಿಶಿಯಾಮಾ ಅಷ್ಟರಲ್ಲಿ ಎಸ್‌ಎನ್‌ಕೆ ಕಂಪನಿಗೆ ಹೋಗಿದ್ದರು. ಎರಡನೆಯದನ್ನು ಯೋಶಿಕಿ ಒಕಾಮೊಟೊ ಮೇಲ್ವಿಚಾರಣೆಯಲ್ಲಿ ಅಕಿರಾ ನಿಶಿತಾನಿ ರೂಪಿಸಿದರು, ಪಾತ್ರಗಳ ಚಿತ್ರ ಬರೆದವರು ಅಕಿರಾ ಯಸುದಾ. ಸಂಗೀತದ ಬಹುಪಾಲು ಯೋಕೊ ಶಿಮೊಮುರಾ ಅವರದ್ದು. ಪೆಟ್ಟಿಗೆಯೊಳಗಿನ ಬೋರ್ಡಿಗೆ ಸಿಪಿಎಸ್-1 ಅಂತ ಹೆಸರು, ಅದರ ಮೆದುಳು ಮೋಟೊರೋಲಾ 68000. ಆ ಕಾಲಕ್ಕೂ ಅದು ಹೊಸ ಚಿಪ್ ಆಗಿರಲಿಲ್ಲ. ತಂತ್ರಜ್ಞಾನದಲ್ಲಿ ಪವಾಡ ಏನೂ ನಡೆದಿರಲಿಲ್ಲ ಅಂತ ಹೇಳುವುದಕ್ಕೆ ಇದನ್ನು ಹೇಳಿದೆ.

ಪವಾಡ ಇದ್ದದ್ದು ಕೈಯಲ್ಲಿ. ರ್ಯೂ ಅನ್ನುವ ಬಿಳಿ ಬಟ್ಟೆಯ ಜಪಾನೀಯನ ಹಡೋಕೆನ್, ಅಂದರೆ ನೀವು ಹೇಳಿದ ಆ ಬೆಂಕಿ ಉಂಡೆ, ಎಲ್ಲರಿಗೂ ಗೊತ್ತು. ಜಾಯ್‌ಸ್ಟಿಕ್ ಕೆಳಗೆ, ಅಲ್ಲಿಂದ ಕೆಳಗಿನ ಮೂಲೆಗೆ, ಅಲ್ಲಿಂದ ಮುಂದಕ್ಕೆ, ಜೊತೆಗೆ ಒಂದು ಗುದ್ದು. ಅಂದರೆ ಚಕ್ರದ ಕಾಲು ಭಾಗ. ಕೇಳುವುದಕ್ಕೆ ಸುಲಭ. ಮೊದಲ ಸಲ ಮಾಡಿದರೆ ಬರುವುದಿಲ್ಲ. ಮೂಲೆಯನ್ನು ತಪ್ಪಿಸಿಬಿಡುತ್ತೀರಿ, ಇಲ್ಲ ಗುದ್ದು ಬೇಗ ಒತ್ತುತ್ತೀರಿ. ಜಾಯ್‌ಸ್ಟಿಕ್ ಕೆಳಗೆ ನಾಲ್ಕು ಪುಟ್ಟ ಸ್ವಿಚ್‌ಗಳಿರುತ್ತವೆ. ಕೆಳಗಿನದು ಟಕ್, ಕೆಳಗಿನದೂ ಮುಂದಿನದೂ ಎರಡೂ ಸೇರಿ ಟಕ್, ಆಮೇಲೆ ಮುಂದಿನದೊಂದೇ. ಚೆನ್ನಾಗಿ ಆಡುವವರ ಕೈಯಲ್ಲಿ ಆ ಸದ್ದೇ ಬೇರೆ. ನಾನು ಪೆಟ್ಟಿಗೆಯ ಹಿಂದೆ ಕೂತು ವೈರು ನೋಡುತ್ತಿದ್ದಾಗ, ಪರದೆ ಕಾಣದಿದ್ದರೂ ಯಾರಿಗೆ ಹಡೋಕೆನ್ ಬರುತ್ತೆ ಯಾರಿಗಿಲ್ಲ ಅಂತ ಸದ್ದಿನಲ್ಲೇ ಹೇಳುತ್ತಿದ್ದೆ.

ಗೈಲ್ ಅನ್ನುವ ಅಮೆರಿಕದ ಸೈನಿಕನದ್ದು ಇನ್ನೊಂದು ಬಗೆ. ದೂರದಿಂದಲೇ ಹೊಡೆಯುವ ಅವನ ಸಾನಿಕ್ ಬೂಮ್ ಬಿಡಬೇಕಾದರೆ ಕೋಲನ್ನು ಹಿಂದಕ್ಕೆ ಹಿಡಿದು ಸ್ವಲ್ಪ ಹೊತ್ತು ಕಾಯಬೇಕು, ಆಮೇಲೆ ತಟ್ಟನೆ ಮುಂದಕ್ಕೆ ತಳ್ಳಿ ಗುದ್ದಬೇಕು. ಈ ಆಟದಲ್ಲಿ ಹಿಂದಕ್ಕೆ ಹಿಡಿದರೆ ಏಟನ್ನು ತಡೆದಂತೆ ಕೂಡ. ಅಂದರೆ ಗೈಲ್ ಆಡುವವನು ಮೂಲೆಯಲ್ಲಿ ಕುಕ್ಕರುಗಾಲಲ್ಲಿ ಕೂತು, ತಡೆದುಕೊಂಡೇ ಮುಂದಿನ ಏಟನ್ನು ಕೂಡಿಡುತ್ತಾನೆ. ನೀವೇ ಹತ್ತಿರ ಹೋಗಬೇಕು. ಹೋದರೆ ಒದೆ. ರಷ್ಯಾದ ಝಾಂಗಿಯೆಫ್ ಕೈಗೆ ಸಿಕ್ಕರೆ ಮುಗಿಯಿತು, ಆದರೆ ಅವನು ಹತ್ತಿರ ಬರುವಷ್ಟರಲ್ಲಿ ಅರ್ಧ ಜೀವ ಹೋಗಿರುತ್ತದೆ. ನಮ್ಮ ಧಾಲ್ಸಿಮ್ ಕೈಕಾಲು ರಬ್ಬರಿನಂತೆ ಉದ್ದ ಮಾಡಿ ದೂರದಿಂದಲೇ ಹೊಡೆಯುತ್ತಾನೆ. ಆದರೆ ಚಾಚಿದ ಕೈಗೂ ಏಟು ಬೀಳುತ್ತದೆ. ಹೀಗೆ ಎಂಟು ಜನ, ರ್ಯೂ ಮತ್ತು ಅವನ ಪಡಿಯಚ್ಚಿನಂಥ ಕೆನ್ ಬಿಟ್ಟರೆ ಒಬ್ಬೊಬ್ಬರೂ ಒಂದೊಂದು ಥರ. ಹಿಂದಿನ ಆಟಗಳಲ್ಲಿ ಬಟ್ಟೆ ಬಣ್ಣ ಬದಲಾದರೆ ಅದೇ ಹೊಸ ಪಾತ್ರ. ಇಲ್ಲಿ ಪಾತ್ರ ಬದಲಾದರೆ ನೀವು ಯೋಚನೆ ಮಾಡುವ ರೀತಿಯೇ ಬದಲಾಗಬೇಕು.

ಧಾಲ್ಸಿಮ್ ಬಗ್ಗೆ ಒಂದು ಮಾತು. ಭಾರತದವನು ಅಂತ ಕತ್ತಿಗೆ ತಲೆಬುರುಡೆ ಮಾಲೆ ಹಾಕಿ, ಬಾಯಿಂದ ಬೆಂಕಿ ಉಗುಳಿಸಿ, ಹಿಂದೆ ಸಾಲಾಗಿ ಆನೆ ನಿಲ್ಲಿಸಿದ್ದಾರೆ. ಬೆಂಕಿ ಉಗುಳುವಾಗ 'ಯೋಗ ಫೈರ್' ಅಂತ ಕೂಗುತ್ತಾನೆ. ಯೋಗಾಸನದ ಯಾವ ಮೇಷ್ಟ್ರೂ ನನಗೆ ಇದನ್ನು ಹೇಳಿಕೊಡಲಿಲ್ಲ. ಸಿಟ್ಟು ಬರಬೇಕಾದ ಚಿತ್ರವೇ. ಆದರೂ ನಾನು ಕಂಡ ಹುಡುಗರಿಗೆಲ್ಲ ಅವನ ಮೇಲೆ ಒಂಥರಾ ಮಮಕಾರ. ಆಡಲಿಕ್ಕೆ ಮಾತ್ರ ರ್ಯೂ ಅಥವಾ ಕೆನ್ ಬೇಕು!

ಈಗ ಡಬ್ಬಿಯ ವಿಷಯಕ್ಕೆ ಬರೋಣ. ನೀವು ಒಬ್ಬರೇ ಕಂಪ್ಯೂಟರ್ ಜೊತೆ ಆಡುತ್ತಿದ್ದೀರಿ ಅಂದುಕೊಳ್ಳಿ. ಪಕ್ಕದಲ್ಲಿ ಯಾರೋ ಬಂದು ನಾಣ್ಯ ಹಾಕಿ ಗುಂಡಿ ಒತ್ತಿದರೆ ನಿಮ್ಮ ಆಟ ಅಲ್ಲೇ ನಿಲ್ಲುತ್ತದೆ. 'ಹಿಯರ್ ಕಮ್ಸ್ ಎ ನ್ಯೂ ಚಾಲೆಂಜರ್' ಅಂತ ಪರದೆ ಮೇಲೆ ಬರುತ್ತದೆ. ನಿಮ್ಮ ಒಪ್ಪಿಗೆ ಯಾರೂ ಕೇಳುವುದಿಲ್ಲ. ಗೊತ್ತಿಲ್ಲದ ಮನುಷ್ಯ, ಭುಜಕ್ಕೆ ಭುಜ ತಾಗಿಸಿ ನಿಂತಿದ್ದಾನೆ. ಮೂರರಲ್ಲಿ ಎರಡು ಸುತ್ತು ಗೆದ್ದವನು ಉಳಿಯುತ್ತಾನೆ. ಸೋತವನು ಇನ್ನೊಂದು ನಾಣ್ಯ ಹಾಕಬೇಕು, ಇಲ್ಲ ಜಾಗ ಬಿಡಬೇಕು. ಸುತ್ತಿಗೆ 99ರಿಂದ ಇಳಿಯುವ ಗಡಿಯಾರ ಬೇರೆ ಇದೆ. ಒಂದು ಪಂದ್ಯ ಎಷ್ಟು ಎಳೆದರೂ ಕೆಲವೇ ನಿಮಿಷ.

ಲೆಕ್ಕ ನೋಡಿ. ಆಟಗಾರರು ಎಷ್ಟೇ ಪಳಗಿರಲಿ, ಇಬ್ಬರಲ್ಲಿ ಒಬ್ಬ ಸೋಲಲೇಬೇಕು. ಪಳಗಿದಷ್ಟೂ ಜನ ಸೇರುತ್ತಾರೆ, ಜನ ಸೇರಿದಷ್ಟೂ ನಾಣ್ಯ. ಮೊದಲು ಮಾಲೀಕನಿಗೆ ತಲೆನೋವಾಗಿದ್ದ ಆ ಚೆನ್ನಾಗಿ ಆಡುವ ಹುಡುಗ ಈಗ ಅಂಗಡಿಯ ಆಕರ್ಷಣೆ. ಅವನನ್ನು ಸೋಲಿಸುವುದಕ್ಕೆ ಪಕ್ಕದ ಬಡಾವಣೆಯಿಂದ ಹುಡುಗರು ಬರುತ್ತಾರೆ, ದುಡ್ಡು ಕೊಡುವವರು ಅವರು. ಕ್ಯಾಪ್‌ಕಾಮ್ ಮಾರಿದ್ದು ಆಟವನ್ನು, ಆದರೆ ಜನ ದುಡ್ಡು ಕೊಟ್ಟಿದ್ದು ಎದುರಾಳಿಗೆ. ನಿಮ್ಮ ಮೊದಲ ಪ್ರಶ್ನೆಗೆ ನನ್ನ ಉತ್ತರ ಇಷ್ಟೇ.

ಇದರ ಸುತ್ತ ಒಂದು ಪುಟ್ಟ ಸಮಾಜವೇ ಹುಟ್ಟಿತು. ಅಮೆರಿಕದಲ್ಲಿ ಮುಂದಿನ ಸರದಿ ನನ್ನದು ಅನ್ನುವುದಕ್ಕೆ 25 ಸೆಂಟ್‌ನ ನಾಣ್ಯವನ್ನು ಪರದೆಯ ಕೆಳಗಿನ ಅಂಚಿನಲ್ಲಿ ಇಡುತ್ತಿದ್ದರು. ನಮ್ಮೂರ ಬಸ್ಸಿನಲ್ಲಿ ಕಿಟಕಿಯಿಂದ ಟವೆಲ್ ಹಾಕಿದಂತೆ. ಹಿಡಿದು ಎಸೆಯುವುದು ನ್ಯಾಯವಾ ಅನ್ಯಾಯವಾ ಅಂತ ಜಗಳ. ತಡೆದುಕೊಂಡು ಕೂತವನನ್ನು ಎಸೆಯುವುದಕ್ಕೇ ಆ ಏಟು ಇರುವುದು, ಆದರೂ ಎಸೆದವನಿಗೆ ಬೈಗುಳ ತಪ್ಪುತ್ತಿರಲಿಲ್ಲ. ಮೊದಲ ಆವೃತ್ತಿಯಲ್ಲಿ ಇಬ್ಬರೂ ಒಂದೇ ಪಾತ್ರ ತೆಗೆದುಕೊಳ್ಳುವ ಹಾಗಿರಲಿಲ್ಲ. ಗೈಲ್ ಇಟ್ಟುಕೊಂಡು ಗೆಲ್ಲುತ್ತಿರುವವನ ಎದುರು ನಿಮಗೆ ಗೈಲ್ ಸಿಗುವುದಿಲ್ಲ. ಅದು ಎಷ್ಟು ಹೊಟ್ಟೆ ಉರಿಸಿತೆಂದರೆ, 1992ರ ಚಾಂಪಿಯನ್ ಎಡಿಶನ್‌ನಲ್ಲಿ ಅದನ್ನು ಬದಲಾಯಿಸಿದರು. ಜಪಾನಿನಲ್ಲಿ ಪಕ್ಕಪಕ್ಕ ಕೂತು ಅಪರಿಚಿತನನ್ನು ಹೊಡೆಯುವುದು ಮುಜುಗರ. ಅಲ್ಲಿ ಎರಡು ಪೆಟ್ಟಿಗೆಗಳನ್ನು ಬೆನ್ನಿಗೆ ಬೆನ್ನು ಇಟ್ಟು ವೈರಿನಿಂದ ಜೋಡಿಸುವ ಪದ್ಧತಿ ಬಂತು. ಎದುರಾಳಿಯ ಮುಖ ನೋಡಬೇಕಿಲ್ಲ.

ಇನ್ನು ಕಾಂಬೋ. ಒಂದು ಏಟು ತಾಗಿದ ಕೂಡಲೇ ಅದನ್ನು ಅರ್ಧಕ್ಕೆ ಬಿಟ್ಟು ಇನ್ನೊಂದಕ್ಕೆ ಹಾರಿದರೆ ಎದುರಾಳಿಗೆ ತಡೆಯುವುದಕ್ಕೆ ಆಗುವುದೇ ಇಲ್ಲ. ಇವತ್ತು ಪ್ರತಿ ಹೊಡೆದಾಟದ ಆಟದ ಬೆನ್ನೆಲುಬು ಇದೇ. ಇದನ್ನು ಯಾರೂ ಯೋಜನೆ ಮಾಡಿ ಹಾಕಿರಲಿಲ್ಲ. ಮಧ್ಯದಲ್ಲಿ ಕಾರು ಪುಡಿ ಮಾಡುವ ಒಂದು ಬೋನಸ್ ಸುತ್ತು ಇದೆಯಲ್ಲ, ಅದನ್ನು ಪರೀಕ್ಷೆ ಮಾಡುವಾಗ ತಂಡಕ್ಕೆ ಇದು ಕಂಡಿತು. ಸಮಯ ಅಷ್ಟು ಸೂಕ್ಷ್ಮ, ಯಾರಿಗೆ ಬರುತ್ತೆ, ಇರಲಿ ಬಿಡು ಅಂತ ಬಿಟ್ಟರು. ಹುಡುಗರು ಬಿಡಲಿಲ್ಲ.

ಇಂಟರ್ನೆಟ್ ಇಲ್ಲದ ಕಾಲ. ಗುಟ್ಟು ಬಾಯಿಂದ ಬಾಯಿಗೆ ಹೋಗಬೇಕು, ಜೊತೆಗೆ ಸುಳ್ಳೂ ಹೋಗುತ್ತಿತ್ತು. ಗೆದ್ದಾಗ ರ್ಯೂ 'ಶೆಂಗ್ ಲಾಂಗ್‌ನನ್ನು ಸೋಲಿಸದೆ ನಿನಗೆ ಗೆಲುವಿಲ್ಲ' ಅನ್ನುವ ಅರ್ಥದ ಮಾತು ಹೇಳುತ್ತಾನೆ. ಅದು ಅವನ ಶೋರ್ಯುಕೆನ್ ಏಟಿನ ಹೆಸರು ಅನುವಾದದಲ್ಲಿ ಕೆಟ್ಟಿದ್ದು, ಅಷ್ಟೇ. ಆದರೆ ಅಮೆರಿಕದ ಒಂದು ಗೇಮ್ ಪತ್ರಿಕೆ 1992ರ ಏಪ್ರಿಲ್ ಫೂಲ್ ತಮಾಷೆಗೆ, ಶೆಂಗ್ ಲಾಂಗ್ ಅನ್ನುವ ಗುಪ್ತ ಗುರು ಇದ್ದಾನೆ, ಹೀಗೆ ಹೀಗೆ ಆಡಿದರೆ ಬರುತ್ತಾನೆ ಅಂತ ಬರೆಯಿತು. ಎಷ್ಟೋ ಹುಡುಗರು ಅವನನ್ನು ಹುಡುಕುತ್ತಾ ಜೇಬು ಖಾಲಿ ಮಾಡಿಕೊಂಡರು. ಹೆಸರಿನ ಗೊಂದಲ ಇನ್ನೂ ಇದೆ. ಬಾಕ್ಸರ್ ಪಾತ್ರಕ್ಕೆ ಜಪಾನಿನಲ್ಲಿ ಎಂ. ಬೈಸನ್ ಅಂತ ಹೆಸರು. ಮೈಕ್ ಟೈಸನ್‌ನನ್ನು ಹೋಲುತ್ತಾನೆ, ಕೇಸು ಬಿದ್ದೀತು ಅಂತ ಹೆದರಿ, ಹೊರದೇಶಗಳಿಗೆ ಕಳಿಸುವಾಗ ಮೂವರು ಖಳರ ಹೆಸರನ್ನು ಸುತ್ತು ತಿರುಗಿಸಿಬಿಟ್ಟರು.

ಅದೇ ವರ್ಷ ಪಾರ್ಲರ್‌ಗಳಿಗೆ ಬೇರೆಯವೂ ಬಂದವು. ಕೊನಾಮಿಯ ನಾಲ್ಕು ಜನರ ಸಿಂಪ್ಸನ್ಸ್, ಬಂದೂಕು ಹಿಡಿದು ಆಡುವ ಟರ್ಮಿನೇಟರ್ 2, ಬಾಗಿದ ಕನ್ನಡಿಯಲ್ಲಿ ಗೊಂಬೆಗಳು ಗಾಳಿಯಲ್ಲಿ ನಿಂತಂತೆ ತೋರಿಸುವ ಸೆಗಾದ ಟೈಮ್ ಟ್ರಾವೆಲರ್. ಕೊನೆಯದು ನೋಡುವುದಕ್ಕೆ ಚೆಂದ, ಆಡುವುದಕ್ಕೆ ಬೋರು. ವರ್ಷದ ಕೊನೆಗೆ ಎಸ್‌ಎನ್‌ಕೆಯಿಂದ ಫೇಟಲ್ ಫ್ಯೂರಿ ಬಂತು. ಅದರ ಹಿಂದೆ ಇದ್ದವರು ಅದೇ ನಿಶಿಯಾಮಾ. ಸ್ಟ್ರೀಟ್ ಫೈಟರ್ ಹುಟ್ಟಿಸಿದವರೇ ಅದಕ್ಕೆ ಪೈಪೋಟಿ ಕೊಟ್ಟಂತಾಯಿತು. ಮಾರ್ಟಲ್ ಕಾಂಬ್ಯಾಟ್ 1992ರದ್ದು, ಮೂರು ಆಯಾಮದ ವರ್ಚುವಾ ಫೈಟರ್ 1993ರದ್ದು. ಎಲ್ಲವೂ ಇದೇ ಬಳ್ಳಿಯ ಕಾಯಿಗಳು.

ಹಾಗಾದರೆ ಪಾರ್ಲರ್ ಯಾಕೆ ಮುಚ್ಚಿತು? ಇದಕ್ಕೂ 1991ರಲ್ಲೇ ಉತ್ತರ ಇದೆ. ಆ ಜೂನ್‌ನಲ್ಲಿ ಸೆಗಾ ಕಂಪನಿ ಮನೆಯ ಟಿವಿಗೆ ಹಾಕುವ ಪೆಟ್ಟಿಗೆಗೆ ಸಾನಿಕ್ ಅನ್ನುವ ನೀಲಿ ಮುಳ್ಳುಹಂದಿಯನ್ನು ತಂದಿತು. ಆಗಸ್ಟ್‌ನಲ್ಲಿ ನಿಂಟೆಂಡೊ ಸೂಪರ್ ನಿಂಟೆಂಡೊ ಅನ್ನುವ ತನ್ನ ಮನೆಯ ಪೆಟ್ಟಿಗೆಯನ್ನು ಅಮೆರಿಕದಲ್ಲಿ 199 ಡಾಲರ್‌ಗೆ ಬಿಟ್ಟಿತು. ಅದರ ಕೈಹಿಡಿಯ, ಅಂದರೆ ಕೈಯಲ್ಲಿ ಹಿಡಿದು ಆಡುವ ಕಂಟ್ರೋಲರ್‌ನ, ಗುಂಡಿಗಳನ್ನು ಒಮ್ಮೆ ಎಣಿಸಿ ನೋಡಿ. ಮೇಲೆ ನಾಲ್ಕು ಗುಂಡಿ, ಹೆಗಲ ಮೇಲೆ ಎರಡು. ಒಟ್ಟು ಆರು. ಸ್ಟ್ರೀಟ್ ಫೈಟರ್‌ಗೆ ಬೇಕಾದದ್ದು ಅಷ್ಟೇ ಅಲ್ವಾ? 1992ರ ಜೂನ್‌ನಲ್ಲಿ ಜಪಾನಿನಲ್ಲಿ, ಮುಂದಿನ ತಿಂಗಳು ಅಮೆರಿಕದಲ್ಲಿ ಆಟ ಮನೆಗೇ ಬಂತು. 63 ಲಕ್ಷ ಕಾರ್ಟ್ರಿಜ್ ಮಾರಾಟವಾದವು. ಸೆಗಾದ ಕೈಹಿಡಿಯಲ್ಲಿ ಮೂರೇ ಗುಂಡಿ ಇದ್ದವು. ಈ ಒಂದು ಆಟಕ್ಕಾಗಿಯೇ ಎಂಬಂತೆ 1993ರಲ್ಲಿ ಆರು ಗುಂಡಿಯ ಹೊಸ ಕೈಹಿಡಿ ತಂದರು.

ಇನ್ನು ಅದೇ 1991ರ ಜೂನ್‌ನಲ್ಲಿ ಶಿಕಾಗೋ ಪ್ರದರ್ಶನದಲ್ಲಿ, ನಿಂಟೆಂಡೊ ಜೊತೆ ಸೇರಿ ಸಿಡಿ ಹಾಕುವ ಗೇಮ್ ಪೆಟ್ಟಿಗೆ ಮಾಡುತ್ತೇವೆ ಅಂತ ಸೋನಿ ಹೇಳಿತು. ಮಾರನೇ ದಿನವೇ ನಿಂಟೆಂಡೊ ನಾವು ಫಿಲಿಪ್ಸ್ ಜೊತೆ ಹೋಗುತ್ತೇವೆ ಅಂದಿತು. ಮದುವೆ ಮಂಟಪದಲ್ಲಿ ವರ ಎದ್ದು ಹೋದಂತೆ. ಆ ಅವಮಾನದಿಂದ ಸೋನಿ ಒಂಟಿಯಾಗಿ ಹೊರಟು ಮಾಡಿದ್ದೇ ಪ್ಲೇಸ್ಟೇಷನ್, 1994ರ ಡಿಸೆಂಬರ್. ಅಷ್ಟರಲ್ಲಿ ನಮ್ಕೋ ಕಂಪನಿಯ ಹೊಡೆದಾಟದ ಆಟ ಟೆಕ್ಕನ್ ಓಡುತ್ತಿದ್ದ ಪಾರ್ಲರ್ ಬೋರ್ಡು ಮತ್ತು ಮನೆಯ ಪ್ಲೇಸ್ಟೇಷನ್ ಒಳಗಿನಿಂದ ಹೆಚ್ಚು ಕಡಿಮೆ ಒಂದೇ. ಪಾರ್ಲರ್‌ನಲ್ಲಿ ಮಾತ್ರ ಸಿಗುವಂಥದ್ದು ಅಂತ ಉಳಿದದ್ದು ಎದುರಾಳಿ ಒಬ್ಬನೇ. ಅವನೂ ಗೆಳೆಯನ ಮನೆಯ ಸೋಫಾದಲ್ಲಿ ಸಿಗತೊಡಗಿದ. ಜಪಾನಿನಲ್ಲಿ ಪಾರ್ಲರ್‌ಗಳು ಇನ್ನೂ ಬಹಳ ಕಾಲ ಬದುಕಿದವು. ಅಮೆರಿಕದಲ್ಲಿ ಉಳಿದವರು ಅಲ್ಲಲ್ಲಿ ಗುಂಪು ಕಟ್ಟಿಕೊಂಡರು. ಇವತ್ತಿನ ದೊಡ್ಡ ಪಂದ್ಯಾವಳಿ ಈವೋ 1996ರಲ್ಲಿ ಚಿಕ್ಕದಾಗಿ ಶುರುವಾದದ್ದು ಸನಿವೇಲ್‌ನಲ್ಲಿ. ಪಾಂಗ್ ಡಬ್ಬಿ ಉಕ್ಕಿದ್ದ ಅದೇ ಊರು.

ಈಗ ನಿಮ್ಮ ಬೆಂಕಿ ಉಂಡೆ. ನಿಮ್ಮ ನೆನಪು ಸರಿಯಾಗಿದೆ. ತಪ್ಪಿದ್ದು ಆಟ.

ಅಸಲಿ ಬೋರ್ಡು ದುಬಾರಿ. ಹಾಗಾಗಿ ನಕಲಿಗಳು ಧಾರಾಳವಾಗಿ ಓಡಾಡಿದವು. ಚಾಂಪಿಯನ್ ಎಡಿಶನ್‌ನ ಪ್ರೋಗ್ರಾಂ ತಿದ್ದಿ ಮಾಡಿದ ಒಂದು ನಕಲಿಗೆ 'ರೇನ್‌ಬೋ ಎಡಿಶನ್' ಅಂತಾರೆ, ಶೀರ್ಷಿಕೆಯ ಅಕ್ಷರಗಳು ಕಾಮನಬಿಲ್ಲಿನ ಬಣ್ಣದಲ್ಲಿದ್ದವು. ಅದರಲ್ಲಿ ಹಡೋಕೆನ್ ಹಾರಿಕೊಂಡೇ ಬಿಡಬಹುದು, ಉಂಡೆ ಎದುರಾಳಿಯ ಬೆನ್ನು ಹತ್ತುತ್ತದೆ, ಆಟದ ಮಧ್ಯೆ ಸ್ಟಾರ್ಟ್ ಗುಂಡಿ ಒತ್ತಿದರೆ ರ್ಯೂ ಇದ್ದವನು ಝಾಂಗಿಯೆಫ್ ಆಗುತ್ತಾನೆ. ನೀವು ಆಡಿದ್ದು ಇದು, ಅಥವಾ ಇದರ ತಮ್ಮ. ನ್ಯಾಯ ನೀತಿ ಇಲ್ಲದ ಆಟ, ಆದರೆ ಎಂಥ ವೇಗ! ಕ್ಯಾಪ್‌ಕಾಮ್‌ನ ಅಮೆರಿಕ ಕಚೇರಿಯವರು ಇದನ್ನು ನೋಡಿ ಗಾಬರಿಯಾಗಿ, ಜನಕ್ಕೆ ವೇಗ ಬೇಕು ಅಂತ ಜಪಾನಿನವರನ್ನು ಒಪ್ಪಿಸಿದರು. 1992ರ ಡಿಸೆಂಬರ್‌ನಲ್ಲಿ ಹೈಪರ್ ಫೈಟಿಂಗ್ ಅನ್ನುವ ವೇಗದ ಆವೃತ್ತಿ ಬಂತು. ಕಳ್ಳನನ್ನು ನೋಡಿ ಮನೆಯವರು ಕಲಿತ ಹಾಗೆ. ಧಾಲ್ಸಿಮ್ ಇದ್ದಲ್ಲಿಂದ ಮಾಯವಾಗಿ ಇನ್ನೊಂದು ಕಡೆ ಕಾಣಿಸಿಕೊಳ್ಳುವ ವಿದ್ಯೆ ಕಲಿತದ್ದು ಈ ಆವೃತ್ತಿಯಲ್ಲೇ.

ನಿಮಗೆ ಇನ್ನೊಂದು ನೆನಪೂ ಇರಬಹುದು, ನೀವು ಕೇಳಿಲ್ಲ, ನಾನೇ ಹೇಳುತ್ತೇನೆ. ನಿಮ್ಮ ಪಾರ್ಲರ್‌ನಲ್ಲಿ ಒದೆತ ಬರುತ್ತಿತ್ತಾ? ಪೆಟ್ಟಿಗೆಗೂ ಬೋರ್ಡಿಗೂ ನಡುವೆ ಜಾಮಾ ಅನ್ನುವ ಒಂದು ಸಾಮಾನ್ಯ ಕನೆಕ್ಟರ್ ಇರುತ್ತದೆ. 1985ರ ಕಟ್ಟಳೆ ಪ್ರಕಾರ ಅದರಲ್ಲಿ ಒಬ್ಬ ಆಟಗಾರನಿಗೆ ಮೂರು ಗುಂಡಿಗೆ ಮಾತ್ರ ವೈರು. ಒದೆತದ ಮೂರು ಗುಂಡಿಗೆ ಬೋರ್ಡಿನ ಇನ್ನೊಂದು ಕಡೆಯಿಂದ ಬೇರೆ ವೈರು ಎಳೆಯಬೇಕು. ಅದಕ್ಕೆ 'ಕಿಕ್ ಹಾರ್ನೆಸ್' ಅಂತ ಹೆಸರು. ಎಷ್ಟೋ ಕಡೆ ಆ ಖರ್ಚೇ ಬೇಡ ಅಂತ ಬಿಟ್ಟಿರುತ್ತಿದ್ದರು. ಒಂದು ಬಸ್ ಸ್ಟ್ಯಾಂಡ್ ಪಕ್ಕದ ಪಾರ್ಲರ್‌ಗೆ ನಾನು ಹೋದಾಗ ಅಲ್ಲಿ ಮೂರೇ ಗುಂಡಿ. ಹುಡುಗರು ಬರೀ ಗುದ್ದಿನಲ್ಲೇ ತಿಂಗಳುಗಟ್ಟಲೆ ಆಡಿದ್ದರು. ಚುನ್ ಲಿ ಅನ್ನುವ ಹುಡುಗಿಯ ಆ ಪಟಪಟ ಒದೆತ ಆಟದಲ್ಲಿ ಇದೆ ಅಂತಲೇ ಅವರಿಗೆ ಗೊತ್ತಿರಲಿಲ್ಲ. ಹತ್ತು ಅಡಿ ವೈರು, ಆರು ಗುಂಡಿ, ಒಂದು ಮಧ್ಯಾಹ್ನದ ಕೆಲಸ. ಸಂಜೆ ಶಾಲೆ ಬಿಟ್ಟ ಮೇಲೆ ಮೊದಲು ಬಂದ ಹುಡುಗ ಹೊಸ ಗುಂಡಿ ಒತ್ತಿ ನೋಡಿ, ತಿರುಗಿ ಕೇಳಿದ್ದು ಒಂದೇ ಮಾತು: "ಅಣ್ಣಾ, ಮುಸ್ತಫಾ ಗೇಮ್ ಯಾವಾಗ ಹಾಕ್ತೀರಾ?"

ಅದು 1993ರ ಕ್ಯಾಡಿಲಾಕ್ಸ್ ಆಂಡ್ ಡೈನೊಸಾರ್ಸ್. ಅದರಲ್ಲಿನ ಹಳದಿ ಟೋಪಿಯವನ ಹೆಸರು ಮುಸ್ತಫಾ, ನಮ್ಮ ಕಡೆ ಆಟದ ಹೆಸರೂ ಅದೇ ಆಯಿತು. ಅದಕ್ಕೆ ಒದೆತದ ವೈರು ಬೇಕಾಗಿರಲಿಲ್ಲ.